ಸೆರೆಯಾಳಿನ ಎದುರು ಯುದ್ಧ ಮುಗಿದಿರುತ್ತದೆ

1956ರ ನವೆಂಬರ್ 14. ಆಗಿನ್ನೂ ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದ ರಾಜಧಾನಿ ಅಲ್ಜಿಯರ್ಸ್‌ನ ಗ್ಯಾಸ್ ಕಾರ್ಖಾನೆಯಲ್ಲಿ ಟಿಕ್ ಟಿಕ್ ಎನ್ನುತ್ತಿದ್ದ ಬಾಂಬೊಂದು ಸಿಕ್ಕಿತು. ಅದನ್ನು ಇಟ್ಟವನು ಅಲ್ಲಿಯೇ ಕೆಲಸಕ್ಕಿದ್ದ ಫರ್ನಾಂ ಇವ್ಟೊನ್. ಸಂಜೆಯೊಳಗೆ ಅವನು ಪೊಲೀಸರ ವಶದಲ್ಲಿದ್ದ, ಬಾಂಬು ನಿಷ್ಕ್ರಿಯವಾಗಿತ್ತು. ಆದರೆ ಎರಡನೆಯದೊಂದು ಬಾಂಬು ಇನ್ನೆಲ್ಲೋ ಇದೆ ಎಂಬ ಸುಳಿವು ಪೊಲೀಸರಿಗಿತ್ತು. ಗ್ಯಾಸ್ ತುಂಬಿದ ಟ್ಯಾಂಕುಗಳ ಪಕ್ಕ ಅದು ಸಿಡಿದರೆ ಸಾವಿರಾರು ಜನರ ಗತಿ ಏನು? ಇವನ ಬಾಯಿ ಬಿಡಿಸಲು ಅಪ್ಪಣೆ ಕೊಡಿ ಎಂದು ಪೊಲೀಸ್ ಮುಖ್ಯಸ್ಥರು ಕೇಳಿದ್ದು ಪಾಲ್ ಟೆಟ್ಜೆನ್ ಅವರನ್ನು. ಅಲ್ಜಿಯರ್ಸ್ ಆಡಳಿತದಲ್ಲಿ ಪೊಲೀಸ್ ವ್ಯವಹಾರದ ಹೊಣೆ ಹೊತ್ತಿದ್ದ ಹಿರಿಯ ಅಧಿಕಾರಿ ಅವರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ವಿರುದ್ಧದ ಭೂಗತ ಹೋರಾಟದಲ್ಲಿದ್ದು, ಗೆಸ್ಟಾಪೊ ಕೈಯಲ್ಲಿ ಚಿತ್ರಹಿಂಸೆ ಅನುಭವಿಸಿ, ಡಾಖಾವ್ ಶಿಬಿರದಿಂದ ಬದುಕಿ ಬಂದವರು. ಟೆಟ್ಜೆನ್ ಆಗದು ಎಂದರು. ಆ ಮಧ್ಯಾಹ್ನವೆಲ್ಲ ತಾವು ನಡುಗುತ್ತಾ ಕೂತಿದ್ದುದಾಗಿ ಅವರು ಮುಂದೆ ಹೇಳಿಕೊಂಡಿದ್ದಾರೆ. ಕೊನೆಗೂ ಯಾವ ಬಾಂಬೂ ಸಿಡಿಯಲಿಲ್ಲ.

ಗಡಿಯಲ್ಲಿ ಗುಂಡಿನ ಸದ್ದಾದಾಗ, ಎಲ್ಲೋ ಬಾಂಬು ಸಿಡಿದಾಗ ಓದುಗರು ಕೇಳುವ ಪ್ರಶ್ನೆ ಇದೇ. ಒಬ್ಬನಿಗೆ ಒಂದು ಗಂಟೆ ನೋವು ಕೊಟ್ಟರೆ ನೂರಾರು ಜೀವ ಉಳಿಯುವುದಾದರೆ ಕೊಡಬಾರದೇ? ಕೊಡುವುದಿಲ್ಲ ಎನ್ನುವವರು ತಮ್ಮ ಕೈ ಕೊಳೆಯಾಗಬಾರದೆಂದು ಬೇರೆಯವರ ಮಕ್ಕಳನ್ನು ಬಲಿಕೊಟ್ಟಂತಲ್ಲವೇ? ಇದನ್ನು ಕ್ರೂರಿಗಳಷ್ಟೇ ಕೇಳುತ್ತಾರೆಂದು ತಳ್ಳಿಹಾಕುವಂತಿಲ್ಲ. ಕಳಕಳಿ ಇರುವವರೇ ಹೆಚ್ಚಾಗಿ ಕೇಳುತ್ತಾರೆ. ನನ್ನ ಉತ್ತರ ಸ್ಪಷ್ಟ: ಯುದ್ಧದಲ್ಲೂ, ತುರ್ತಿನಲ್ಲೂ, ಎಂಥ ಶತ್ರುವಿನ ಮೇಲೂ ಚಿತ್ರಹಿಂಸೆ ಕೂಡದು. ಬಾಂಬು ಸಿಡಿಯಲಿಲ್ಲ ಎಂಬ ಕಾರಣಕ್ಕೆ ಟೆಟ್ಜೆನ್ ಮಾಡಿದ್ದು ಸರಿಯಾಯಿತು ಎಂದು ನಾನು ಹೇಳುವುದಿಲ್ಲ. ಅದು ಅದೃಷ್ಟ. ಏನಾಗುತ್ತದೋ ಗೊತ್ತಿಲ್ಲದೆ ನಡುಗುತ್ತಾ ಕೂತಿದ್ದಾಗಲೂ ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಅದು ಹೇಗೆಂದು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ.

ಮೊದಲು ಪ್ರಶ್ನೆಯನ್ನೇ ಹತ್ತಿರದಿಂದ ನೋಡೋಣ. ಸಿಡಿಯಲಿರುವ ಬಾಂಬಿನ ಕಥೆಯಲ್ಲಿ ಎಷ್ಟೊಂದು ಸಂಗತಿಗಳು ಮೊದಲೇ ಖಚಿತವಾಗಿರುತ್ತವೆ ಎಂಬುದನ್ನು ಎಣಿಸಿ. ಬಾಂಬು ಇರುವುದು ನಿಜ. ಸಿಕ್ಕಿರುವವನೇ ಅದನ್ನು ಇಟ್ಟವನು. ಅದು ಎಲ್ಲಿದೆ ಎಂದು ಅವನಿಗೆ ಗೊತ್ತು. ಬೇರೆ ದಾರಿಯಿಂದ ಹುಡುಕಲು ಸಮಯವಿಲ್ಲ, ಹಿಂಸೆ ಕೊಟ್ಟು ಕೇಳಲು ಮಾತ್ರ ಸಮಯವಿದೆ. ನೋವು ತಾಳಲಾರದೆ ಅವನು ಹೇಳುವುದು ನಿಜವೇ ಆಗಿರುತ್ತದೆ. ಇಷ್ಟೂ ಒಟ್ಟಿಗೆ ಗೊತ್ತಿರುವುದು ಕಥೆ ಕಟ್ಟಿದವನಿಗೆ ಮಾತ್ರ. ವಿಚಾರಣೆಯ ಕೋಣೆಯಲ್ಲಿ ನಿಂತವನಿಗೆ ಇರುವುದು ಅನುಮಾನ, ಅರ್ಧ ಹರಿದ ಸುಳಿವು, ಮೇಲಿನವರ ಒತ್ತಡ. ಸಮಯದ ಲೆಕ್ಕವೂ ಸೆರೆಯಾಳಿನ ಪರವಾಗಿಯೇ ಇರುತ್ತದೆ: ಬಾಂಬು ಇನ್ನೊಂದು ಗಂಟೆಯಲ್ಲಿ ಸಿಡಿಯುವುದಾದರೆ ಅವನು ತಡೆದುಕೊಳ್ಳಬೇಕಾದ್ದು ಒಂದೇ ಗಂಟೆ, ಇಲ್ಲವೇ ಒಂದು ಸುಳ್ಳು ವಿಳಾಸ ಹೇಳಿದರೂ ಸಾಕು. ಅಲ್ಜಿಯರ್ಸ್‌ನಲ್ಲೇ ನೋಡಿ. ಕೆಲಸಗಾರರೆಲ್ಲ ಮನೆಗೆ ಹೋದ ಮೇಲೆ, ಸಂಜೆ ಏಳೂವರೆಗೆ ಸಿಡಿಯುವಂತೆ ಇವ್ಟೊನ್ ಬಾಂಬು ಇಟ್ಟಿದ್ದ. ಸಾವಿರಾರು ಜನರ ಸಾವು ಪೊಲೀಸರ ಭಯದಲ್ಲಿತ್ತೇ ಹೊರತು ಅವನ ಯೋಜನೆಯಲ್ಲಿ ಇರಲಿಲ್ಲ. ಟೆಟ್ಜೆನ್ ಬೇಡವೆಂದರೂ ಪೊಲೀಸರು ಠಾಣೆಯಲ್ಲಿ ಅವನಿಗೆ ಚಿತ್ರಹಿಂಸೆ ಕೊಟ್ಟೇ ಕೊಟ್ಟರು. ಯಾರಿಗೂ ಒಂದು ಗಾಯವಾಗದಿದ್ದರೂ 1957ರ ಫೆಬ್ರುವರಿ 11ರಂದು ಗಿಲೊಟಿನ್ ಯಂತ್ರದಲ್ಲಿ ಅವನ ತಲೆ ಕತ್ತರಿಸಲಾಯಿತು.

ನಮ್ಮ ಭಾಷೆಯಲ್ಲಿ ಇದಕ್ಕೆ ‘ಬಾಯಿ ಬಿಡಿಸುವುದು’ ಎನ್ನುತ್ತೇವೆ. ಮಾತು ನಿಖರವಾಗಿಯೇ ಇದೆ. ನೋವಿನಿಂದ ಬಾಯಿ ಬಿಡಿಸಬಹುದು. ಆ ಬಾಯಿಂದ ಬರುವುದು ನಿಜವೋ, ಕೇಳುವವನಿಗೆ ಬೇಕಾದ ಮಾತೋ ಎಂಬುದು ಬೇರೆ. ಇಟಲಿಯ ಬೆಕಾರಿಯಾ 1764ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದ: ಚಿತ್ರಹಿಂಸೆಯಲ್ಲಿ ಗಟ್ಟಿಮೈಯ ಅಪರಾಧಿ ಪಾರಾಗುತ್ತಾನೆ, ಮೈಯಲ್ಲಿ ತ್ರಾಣವಿಲ್ಲದ ನಿರಪರಾಧಿ ಸಿಕ್ಕಿಬೀಳುತ್ತಾನೆ. ವಿಯೆಟ್ನಾಂ ಯುದ್ಧದಲ್ಲಿ ಹನೋಯ್ ಸೆರೆಯಲ್ಲಿದ್ದ ಅಮೆರಿಕದ ಪೈಲಟ್ ಜಾನ್ ಮೆಕೇನ್ ತನ್ನ ದಳದವರ ಹೆಸರು ಹೇಳೆಂದು ಹಿಂಸಿಸಿದಾಗ ಒಂದು ಫುಟ್‌ಬಾಲ್ ತಂಡದ ಆಟಗಾರರ ಹೆಸರುಗಳನ್ನು ಹೇಳಿದ್ದರು. ಕೇಳಿದವರು ಬರೆದುಕೊಂಡರು. ಅಲ್ಲಿ ಸುಳ್ಳಿನಿಂದ ಯಾರಿಗೂ ಹಾನಿಯಾಗಲಿಲ್ಲ. ಅಲ್ ಖೈದಾ ನಂಟಿನ ಶಂಕೆಯಿದ್ದ ಇಬ್ನ್ ಅಲ್ ಶೇಖ್ ಅಲ್ ಲಿಬಿಯ ಸುಳ್ಳಿನ ಕಥೆಯೇ ಬೇರೆ. 2001ರ ಕೊನೆಯಲ್ಲಿ ಅಮೆರಿಕದ ಕೈಗೆ ಸಿಕ್ಕ ಇವನನ್ನು ವಿಚಾರಣೆಗೆಂದು ಈಜಿಪ್ಟಿಗೆ ಒಪ್ಪಿಸಲಾಯಿತು. ಅಲ್ಲಿ ಹಿಂಸೆಯ ನಡುವೆ, ಇರಾಕ್ ಸರ್ಕಾರ ಅಲ್ ಖೈದಾದವರಿಗೆ ರಾಸಾಯನಿಕ ಮತ್ತು ಜೈವಿಕ ಅಸ್ತ್ರಗಳ ತರಬೇತಿ ಕೊಟ್ಟಿದೆ ಎಂದು ಹೇಳಿದ. 2003ರ ಫೆಬ್ರುವರಿ 5ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಯುದ್ಧದ ಪರ ಮಂಡಿಸಿದ ಸಾಕ್ಷ್ಯಗಳಲ್ಲಿ ಈ ಮಾತೂ ಸೇರಿತ್ತು. ಮರುತಿಂಗಳು ಯುದ್ಧ ಶುರುವಾಯಿತು. 2004ರಲ್ಲಿ ಅಲ್ ಲಿಬಿ ತನ್ನ ಹೇಳಿಕೆ ಹಿಂದಕ್ಕೆ ಪಡೆದ, ಸಿಐಎ ಕೂಡ ಆ ವರದಿಗಳನ್ನು ವಾಪಸು ಪಡೆಯಿತು. ಯುದ್ಧ ಮಾತ್ರ ವಾಪಸಾಗಲಿಲ್ಲ. ಜೀವ ಉಳಿಸುವ ಸಾಧನ ಎಂದು ಹೇಳಲಾಗುವ ಚಿತ್ರಹಿಂಸೆಯ ಲೆಕ್ಕದಲ್ಲಿ, ಅದು ಹುಟ್ಟಿಸಿದ ಸುಳ್ಳುಗಳಿಂದ ಹೋದ ಜೀವಗಳನ್ನೂ ಬರೆಯಬೇಕಲ್ಲವೇ?

ಹಾಗಾದರೆ ಸೆರೆಸಿಕ್ಕವನನ್ನು ಪ್ರಶ್ನಿಸಲೇಬಾರದೇ? ಖಂಡಿತ ಪ್ರಶ್ನಿಸಬೇಕು, ಅದೊಂದು ಕಸುಬು. 1940ರ ಸೆಪ್ಟೆಂಬರಿನಲ್ಲಿ ಲಂಡನ್ ಮೇಲೆ ದಿನವೂ ಬಾಂಬು ಬೀಳುತ್ತಿತ್ತು, ಜರ್ಮನರು ಸಮುದ್ರ ದಾಟಿ ಬರುತ್ತಾರೆಂಬ ಭಯವಿತ್ತು. ಸಿಕ್ಕಿಬಿದ್ದ ಗೂಢಚಾರರನ್ನು ವಿಚಾರಿಸುತ್ತಿದ್ದ ‘ಕ್ಯಾಂಪ್ 020’ರ ಮುಖ್ಯಸ್ಥ ಕರ್ನಲ್ ರಾಬಿನ್ ಸ್ಟೀಫನ್ಸ್ ಮೃದು ಮನುಷ್ಯರೇನಲ್ಲ. ಸೆರೆಯಾಳುಗಳನ್ನು ಮಾತಿನಲ್ಲೇ ನಡುಗಿಸುತ್ತಿದ್ದರು. ಆದರೆ ಮೈಮೇಲೆ ಕೈ ಮಾಡುವುದಕ್ಕೆ ಅಲ್ಲಿ ಕಟ್ಟುನಿಟ್ಟಾದ ನಿಷೇಧವಿತ್ತು. ಹೊರಗಿನಿಂದ ಬಂದ ಸೇನಾಧಿಕಾರಿಯೊಬ್ಬ ವುಲ್ಫ್ ಶ್ಮಿಟ್ ಎಂಬ ಗೂಢಚಾರನ ದವಡೆಗೆ ಗುದ್ದಿದಾಗ ಸ್ಟೀಫನ್ಸ್ ತಡೆದರು, ಆ ಅಧಿಕಾರಿಯನ್ನು ಶಿಬಿರದಿಂದಲೇ ಹೊರಗಿಟ್ಟರು. ಅದೇ ಶ್ಮಿಟ್ ಮುಂದೆ ಬ್ರಿಟನ್ನಿನ ಪರ ತಿರುಗಿ, 1945ರ ಮೇವರೆಗೂ ಜರ್ಮನಿಗೆ ಸುಳ್ಳು ಸಂದೇಶ ಕಳಿಸುತ್ತಾ ಕೂತ. ಇನ್ನೊಂದು ಉದಾಹರಣೆ ನಮ್ಮ ಕಾಲದ್ದು. 2001ರ ಸೆಪ್ಟೆಂಬರ್ 11ರ ದಾಳಿ ನಡೆದ ಕೆಲವೇ ದಿನಗಳಲ್ಲಿ ಎಫ್‌ಬಿಐನ ಅಲಿ ಸೂಫಾನ್ ಯೆಮೆನ್‌ನಲ್ಲಿ ಬಿನ್ ಲಾದೆನ್‌ನ ಮಾಜಿ ಅಂಗರಕ್ಷಕ ಅಬು ಜಂದಲ್‌ನನ್ನು ವಿಚಾರಿಸುತ್ತಿದ್ದರು. ಮುಖ ಕೊಟ್ಟೂ ಮಾತಾಡದ ಆ ಮನುಷ್ಯ ಮುಂದಿಟ್ಟ ಬಿಸ್ಕತ್ತನ್ನು ಮುಟ್ಟದಿದ್ದುದು ಸೂಫಾನ್ ಕಣ್ಣಿಗೆ ಬಿತ್ತು. ಅವನಿಗೆ ಸಕ್ಕರೆ ಕಾಯಿಲೆ ಎಂದು ತಿಳಿದು, ಮರುದಿನ ಸಕ್ಕರೆ ಹಾಕದ ಬಿಸ್ಕತ್ತು ತರಿಸಿಟ್ಟರು. ಗಂಟು ಸಡಿಲವಾದದ್ದು ಅಲ್ಲಿಂದ. ಅವನು ಹಲವು ದಾಳಿಕೋರರನ್ನು ಗುರುತಿಸಿದ. ಇದಕ್ಕೆ ಭಾಷೆ ಗೊತ್ತಿರಬೇಕು, ಎದುರಿಗಿರುವವನ ಊರು, ನಂಬಿಕೆ, ದೌರ್ಬಲ್ಯ ಗೊತ್ತಿರಬೇಕು, ತಾಳ್ಮೆ ಇರಬೇಕು. ಹೊಡೆಯಲು ಇದ್ಯಾವುದೂ ಬೇಕಿಲ್ಲ.

ಇಲ್ಲಿ ಎದುರಾಳಿಯ ಬಲವಾದ ವಾದವೊಂದನ್ನು ಮರೆಮಾಚುವುದು ತಪ್ಪಾಗುತ್ತದೆ. ಚಿತ್ರಹಿಂಸೆಯಿಂದ ಎಂದೂ ಒಂದು ನಿಜವೂ ಹೊರಬಂದಿಲ್ಲ ಎಂದು ಹೇಳಿದರೆ ಅದು ಸುಳ್ಳು. ಕೆಲವೊಮ್ಮೆ ಬರುತ್ತದೆ. 1957ರ ಜನವರಿಯಲ್ಲಿ ಜನರಲ್ ಮಾಸ್ಯು ಅವರ ಪ್ಯಾರಾಟ್ರೂಪರ್ ಪಡೆಗೆ ಅಲ್ಜಿಯರ್ಸ್‌ನ ಪೊಲೀಸ್ ಅಧಿಕಾರವೆಲ್ಲ ಸಿಕ್ಕಿತು. ಅದೇ ವರ್ಷದ ಕೊನೆಯ ಹೊತ್ತಿಗೆ ನಗರದಲ್ಲಿ ಬಾಂಬುಗಳು ನಿಂತವು, ಅಲ್ಜೀರಿಯಾದ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಎಫ್‌ಎಲ್‌ಎನ್ ಸಂಘಟನೆಯ ಜಾಲ ಕುಸಿಯಿತು. ಚಿತ್ರಹಿಂಸೆ ಅಲ್ಲಿ ದಿನನಿತ್ಯದ ಕೆಲಸವಾಗಿತ್ತು. ‘ಹಾಗಿದ್ದರೆ ಫಲ ಸಿಕ್ಕಿತಲ್ಲ’ ಎನ್ನಬಹುದು. ಆದರೆ ಅಲ್ಲಿ ಮನೆಮನೆಯ ಗಣತಿ, ಮಾಹಿತಿದಾರರ ಜಾಲ, ಇಡೀ ಬಡಾವಣೆಗಳಿಗೆ ಮುಳ್ಳುತಂತಿ, ಸಾವಿರಗಟ್ಟಲೆ ಜನರ ಬಂಧನ ಎಲ್ಲವೂ ನಡೆದಿದ್ದವು. ಫಲವನ್ನು ಒಂದರ ಖಾತೆಗೇ ಹಾಕಲು ಬರುವುದಿಲ್ಲ. ಮಾಸ್ಯು ಅವರೇ 2000ದಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಚಿತ್ರಹಿಂಸೆ ಯುದ್ಧಕ್ಕೆ ಅನಿವಾರ್ಯವಾಗಿರಲಿಲ್ಲ ಎಂದು ವಿಷಾದದಿಂದ ಒಪ್ಪಿಕೊಂಡರು. ಹೆಚ್ಚು ಮುಖ್ಯವಾದ ಮಾತೆಂದರೆ, ನಗರ ಗೆದ್ದ ಫ್ರಾನ್ಸ್ ದೇಶವನ್ನು ಕಳೆದುಕೊಂಡಿತು. ಚಿತ್ರಹಿಂಸೆ ಅನುಭವಿಸಿದ ಪತ್ರಿಕಾ ಸಂಪಾದಕ ಆಂರಿ ಅಲೆಗ್ ಜೈಲಿನಿಂದ ಗುಟ್ಟಾಗಿ ಹೊರಕಳಿಸಿದ ಪುಟ್ಟ ಪುಸ್ತಕ 1958ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದಾಗ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಅಷ್ಟರಲ್ಲಿ ಸಾವಿರಾರು ಮನೆಗಳಲ್ಲಿ ಅದು ಓದಿಯಾಗಿತ್ತು. ಯಾವ ನಾಗರಿಕತೆಯ ಹೆಸರಲ್ಲಿ ಯುದ್ಧ ನಡೆದಿತ್ತೋ ಅದನ್ನು ಚಿತ್ರಹಿಂಸೆಯ ಕೋಣೆಗಳೇ ನುಂಗಿದವು. 1962ರ ಜುಲೈನಲ್ಲಿ ಅಲ್ಜೀರಿಯಾ ಸ್ವತಂತ್ರವಾಯಿತು.

ಆದರೂ ಚಿತ್ರಹಿಂಸೆ ವಿರುದ್ಧದ ವಾದವನ್ನು ‘ಅದರಿಂದ ಫಲವಿಲ್ಲ’ ಎಂಬ ಒಂದೇ ಕಂಬದ ಮೇಲೆ ನಿಲ್ಲಿಸಬಾರದು. ಕಂಬ ಒಂದು ದಿನ ಅಲುಗಾಡಿದರೆ ಮನೆಯೇ ಬೀಳುತ್ತದೆ. ಅದಕ್ಕಿಂತ ಆಳದ ಸಂಗತಿಯೊಂದಿದೆ. ಬಾಂಬಿನ ಕಥೆ ಚಿತ್ರಹಿಂಸೆಯನ್ನು ಒಬ್ಬ ಮನುಷ್ಯ ಒಂದು ಸಂಕಟದ ಗಳಿಗೆಯಲ್ಲಿ ಮಾಡುವ ಕೃತ್ಯವೆಂಬಂತೆ ತೋರಿಸುತ್ತದೆ. ವಾಸ್ತವದಲ್ಲಿ ಅದು ಒಂದು ಇಲಾಖೆ. ಅಲ್ಜಿಯರ್ಸ್‌ನಲ್ಲಿ ಸೈನಿಕರು ಬಳಸುತ್ತಿದ್ದುದು ಯುದ್ಧಭೂಮಿಯ ಟೆಲಿಫೋನಿಗೆ ಕರೆಂಟ್ ಕೊಡುವ, ಕೈಯಿಂದ ತಿರುಗಿಸುವ ಡೈನಮೊ. ಸೈನ್ಯದ ಉಗ್ರಾಣದಿಂದ ಬಂದದ್ದು. ಅದರ ಎರಡು ತಂತಿಗಳನ್ನು ಕಿವಿಗೋ ಬೆರಳಿಗೋ ಸಿಕ್ಕಿಸಿ ಹಿಡಿ ತಿರುಗಿಸುತ್ತಿದ್ದರು. ಮೈಮೇಲೆ ಗುರುತು ಹೆಚ್ಚು ಉಳಿಯುತ್ತಿರಲಿಲ್ಲ. ಅದನ್ನು ತಿರುಗಿಸಲು ಒಬ್ಬ ಕಲಿಯಬೇಕು, ಕಲಿಸಲು ಇನ್ನೊಬ್ಬ ಬೇಕು, ಸೆರೆಯಾಳು ಸಾಯದಂತೆ ನೋಡಿಕೊಳ್ಳಲು ವೈದ್ಯ ಬೇಕು, ಸತ್ತರೆ ‘ಓಡಿಹೋದ’ ಎಂದು ಬರೆಯಲು ಗುಮಾಸ್ತ ಬೇಕು, ಇದೆಲ್ಲ ಕಾನೂನುಬದ್ಧ ಎಂದು ಹೇಳಲು ವಕೀಲ ಬೇಕು. ಅಮೆರಿಕದ ಸೆನೆಟ್ ಸಮಿತಿ 2014ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿ ಸಿಐಎಯ ರಹಸ್ಯ ಸೆರೆಮನೆಗಳಲ್ಲಿ ಇದ್ದದ್ದು ಇದೇ ವ್ಯವಸ್ಥೆ ಎಂದು ತೋರಿಸಿತು. ಕನಿಷ್ಠ 119 ಸೆರೆಯಾಳುಗಳು, ಅವರಲ್ಲಿ ಕನಿಷ್ಠ 26 ಮಂದಿ ಸಂಸ್ಥೆಯ ಸ್ವಂತ ಮಾನದಂಡದ ಪ್ರಕಾರವೂ ಹಿಡಿಯಬಾರದಾಗಿದ್ದವರು. ಸೆಪ್ಟೆಂಬರ್ 11ರ ದಾಳಿಯ ರೂವಾರಿ ಎನ್ನಲಾದ ಖಾಲಿದ್ ಶೇಖ್ ಮೊಹಮ್ಮದ್ ಮೇಲೆ, ಬಟ್ಟೆ ಮುಚ್ಚಿದ ಮುಖಕ್ಕೆ ನೀರು ಸುರಿದು ಮುಳುಗಿಸಿದಂತೆ ಉಸಿರುಗಟ್ಟಿಸುವ ವಿಧಾನವನ್ನು 183 ಬಾರಿ ಪ್ರಯೋಗಿಸಲಾಗಿತ್ತು. ಈ ವಿಧಾನಗಳನ್ನು ರೂಪಿಸಿದ ಮನಃಶಾಸ್ತ್ರಜ್ಞರ ಕಂಪನಿಗೆ 8.1 ಕೋಟಿ ಡಾಲರ್ ಸಂದಿತ್ತು. ಹಿಂಸೆಯಿಂದ ಬೇರೆಲ್ಲೂ ಸಿಗದ ಮಾಹಿತಿ ಸಿಕ್ಕಿತೆಂಬುದಕ್ಕೆ ಆಧಾರವಿಲ್ಲ ಎಂದು ಸಮಿತಿ ಹೇಳಿತು. ಸಿಐಎ ಅದನ್ನು ಒಪ್ಪಲಿಲ್ಲ. ಅದು ಹೇಗೇ ಇರಲಿ, 183 ಎಂಬ ಅಂಕಿ ಸಿಡಿಯಲಿರುವ ಬಾಂಬಿನ ಕಥೆಗೆ ಹೊಂದುವುದಿಲ್ಲ.

‘ಹಾಗಾದರೆ ಅಪರೂಪದ ಪ್ರಕರಣಕ್ಕೆ ಮಾತ್ರ, ನ್ಯಾಯಾಧೀಶರ ಅನುಮತಿಯೊಂದಿಗೆ, ಅಳತೆ ಮೀರದಂತೆ ಅವಕಾಶ ಕೊಡೋಣ’ ಎಂಬ ಸಲಹೆಯನ್ನು ದೊಡ್ಡ ದೊಡ್ಡ ಕಾನೂನು ಪಂಡಿತರೇ ಕೊಟ್ಟಿದ್ದಾರೆ. ಇದಕ್ಕೆ ಹತ್ತಿರದ ಪ್ರಯೋಗವೂ ಆಗಿಹೋಗಿದೆ. ಇಸ್ರೇಲಿನಲ್ಲಿ 1987ರ ಲಾಂಡೌ ಆಯೋಗ ವಿಚಾರಣೆಯಲ್ಲಿ ‘ಮಿತ ಪ್ರಮಾಣದ ದೈಹಿಕ ಒತ್ತಡ’ ಸಲ್ಲುತ್ತದೆ ಎಂದಿತು. ಹನ್ನೆರಡು ವರ್ಷ ಅದು ನಡೆಯಿತು. ಅಪರೂಪಕ್ಕೆಂದು ತೆರೆದ ಬಾಗಿಲು ದಿನದ ಹಾದಿಯಾಯಿತು. 1999ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಆ ವಿಧಾನಗಳಿಗೆ ಕಾನೂನಿನ ಬಲವಿಲ್ಲ ಎಂದು ತೀರ್ಪು ಕೊಟ್ಟಿತು. ವಿನಾಯಿತಿಗಳು ದೇಶದಿಂದ ದೇಶಕ್ಕೂ ಪ್ರಯಾಣ ಮಾಡುತ್ತವೆ. 1971ರಲ್ಲಿ ಬ್ರಿಟಿಷ್ ಭದ್ರತಾ ಪಡೆಗಳು ಉತ್ತರ ಐರ್ಲೆಂಡಿನ ಬಂಧಿತರ ಮೇಲೆ ಐದು ವಿಧಾನಗಳನ್ನು ಬಳಸಿದವು: ಗೋಡೆಗೆ ಕೈ ಚಾಚಿ ಗಂಟೆಗಟ್ಟಲೆ ನಿಲ್ಲಿಸುವುದು, ತಲೆಗೆ ಚೀಲ ಹಾಕುವುದು, ಎಡೆಬಿಡದ ಸದ್ದು, ನಿದ್ದೆಗೆಡಿಸುವುದು, ಅನ್ನ ನೀರು ಕಡಿತ. ಇದು ಅಮಾನವೀಯ, ಆದರೆ ಚಿತ್ರಹಿಂಸೆ ಎನ್ನುವಷ್ಟಲ್ಲ ಎಂದು 1978ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿತು. ಆ ‘ಅಷ್ಟಲ್ಲ’ವನ್ನು 2002ರ ಆಗಸ್ಟಿನಲ್ಲಿ ಅಮೆರಿಕದ ಸರ್ಕಾರಿ ವಕೀಲರು ಹುಡುಕಿ ತೆಗೆದು ತಮ್ಮ ಟಿಪ್ಪಣಿಯಲ್ಲಿ ಆಧಾರವಾಗಿ ಬಳಸಿಕೊಂಡರು. ಹಿಂಸೆಯನ್ನು ನಿಷೇಧಿಸಿದವರ ಕೈಯಲ್ಲೂ ವ್ಯವಸ್ಥೆ ಜಾರುತ್ತದೆ: ಕ್ಯಾಂಪ್ 020ರಲ್ಲಿ ಗುದ್ದಿದವನನ್ನು ಹೊರಗಟ್ಟಿದ ಸ್ಟೀಫನ್ಸ್ ಯುದ್ಧದ ನಂತರ ಮುಖ್ಯಸ್ಥರಾಗಿದ್ದ ಜರ್ಮನಿಯ ಬಾಡ್ ನೆನ್‌ಡಾರ್ಫ್ ಕೇಂದ್ರದಲ್ಲಿ ಸೆರೆಯಾಳುಗಳು ಹಸಿವು, ಚಳಿ, ಏಟುಗಳಿಗೆ ಸಿಕ್ಕಿ ನರಳಿದರು. ಅವರು ಕೋರ್ಟ್ ಮಾರ್ಷಲ್ ಎದುರಿಸಿ ಖುಲಾಸೆಯಾದರು. ಇಷ್ಟು ಸುಲಭವಾಗಿ ಜಾರುವ ನೆಲದಲ್ಲಿ ಅರ್ಧ ಬೇಲಿ ಹಾಕಿ ಪ್ರಯೋಜನವಿಲ್ಲ.

ಚಿತ್ರಹಿಂಸೆಯ ಆ ಇಲಾಖೆಯಲ್ಲಿ ಕೆಲಸ ಮಾಡುವವರ ಗತಿಯನ್ನೂ ನೋಡಬೇಕು. ಅಲ್ಜೀರಿಯಾದ ಬ್ಲೀಡಾ ಆಸ್ಪತ್ರೆಯಲ್ಲಿ ಮನೋವೈದ್ಯರಾಗಿದ್ದ ಫ್ರಾಂಟ್ಜ್ ಫನಾನ್ ಎರಡೂ ಕಡೆಯವರಿಗೆ ಚಿಕಿತ್ಸೆ ಕೊಟ್ಟವರು. ಅವರು ದಾಖಲಿಸಿದ ಪ್ರಕರಣಗಳಲ್ಲಿ ಒಬ್ಬ ಪೊಲೀಸ್ ಅಧಿಕಾರಿಯದಿದೆ. ಠಾಣೆಯಲ್ಲಿ ದಿನವೆಲ್ಲ ಹಿಂಸೆ ಕೊಟ್ಟು ಮನೆಗೆ ಬಂದವನು ಹೆಂಡತಿ ಮಕ್ಕಳನ್ನೂ ಹೊಡೆಯತೊಡಗಿದ್ದ. ಒಂದು ರಾತ್ರಿ ಹೆಂಡತಿಯನ್ನು ಕುರ್ಚಿಗೆ ಕಟ್ಟಿ ಬಡಿದ ಮೇಲೆ ತನಗೇನೋ ಆಗಿದೆ ಎಂದು ಹೆದರಿ ಬಂದಿದ್ದ. ಕೆಲಸ ಬಿಡುವ ಯೋಚನೆ ಅವನಿಗಿರಲಿಲ್ಲ. ಮನಸ್ಸು ಕೊರೆಯದಂತೆ, ಮೈ ನಡುಗದಂತೆ ಆ ಕೆಲಸ ಮುಂದುವರಿಸಲು ಸಹಾಯ ಮಾಡಿ ಎಂದು ಡಾಕ್ಟರನ್ನು ನೇರವಾಗಿ ಕೇಳಿದ. ಇನ್ನೊಬ್ಬ ಪೊಲೀಸನಿಗೆ ಆಸ್ಪತ್ರೆಯ ಆವರಣದಲ್ಲಿ, ತಾನೇ ಹಿಂಸಿಸಿದ್ದ ಮನುಷ್ಯ ರೋಗಿಯಾಗಿ ಎದುರಾದ. ಪೊಲೀಸ್ ಬೆವೆತು, ಉಸಿರುಕಟ್ಟಿ ಮರಕ್ಕೆ ಒರಗಿ ನಿಂತ. ಆ ರೋಗಿ ನಾಪತ್ತೆಯಾದ. ಹುಡುಕಿದರೆ, ತನ್ನನ್ನು ಠಾಣೆಗೆ ಎಳೆದೊಯ್ಯಲು ಬಂದಿದ್ದಾರೆಂದು ಹೆದರಿ ಶೌಚಾಲಯದಲ್ಲಿ ಸಾಯಲು ಯತ್ನಿಸುತ್ತಿದ್ದ. ಒಂದು ದೇಶ ತನ್ನ ಮಕ್ಕಳನ್ನು ಯುದ್ಧಕ್ಕೆ ಕಳಿಸುವಾಗ ಅವರ ಪ್ರಾಣ ಹೋಗಬಹುದೆಂದು ತಿಳಿದೇ ಕಳಿಸುತ್ತದೆ. ಅವರನ್ನು ಹಿಂಸೆಯ ಕೋಣೆಗೆ ಕಳಿಸುವ ಹಕ್ಕು ಅದಕ್ಕೆ ಇಲ್ಲ.

ಈಗ ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ. ಯುದ್ಧದಲ್ಲಿ ಕೊಲ್ಲುವುದನ್ನೇ ಒಪ್ಪಿದ್ದೇವೆ. ಆಕಾಶದಿಂದ ಬಾಂಬು ಹಾಕಿದರೆ ಮಕ್ಕಳೂ ಸಾಯುತ್ತಾರೆ. ಕೊಲೆಯೇ ನಡೆಯುವಲ್ಲಿ ನೋವಿಗೆ ಮಾತ್ರ ಯಾಕೆ ಅಷ್ಟು ನಿಷೇಧ? ಈ ಆಕ್ಷೇಪಕ್ಕೆ ಉತ್ತರ ಸಿಗುವುದು ನೋವಿನ ಅಳತೆಯಲ್ಲಲ್ಲ, ಎದುರು ನಿಂತವನ ಸ್ಥಿತಿಯಲ್ಲಿ. ರಣರಂಗದ ಸೈನಿಕನನ್ನು ಕೊಲ್ಲಬಹುದು ಎಂದು ಯುದ್ಧನೀತಿ ಒಪ್ಪುವುದು ಅವನ ಕೈಯಲ್ಲಿ ಆಯುಧವಿದೆ, ಅವನೂ ಕೊಲ್ಲಬಲ್ಲ ಎಂಬ ಒಂದೇ ಆಧಾರದ ಮೇಲೆ. ಆಯುಧ ಕೆಳಗಿಟ್ಟ, ಕೈಕಾಲು ಕಟ್ಟಿಸಿಕೊಂಡ ಗಳಿಗೆಯಲ್ಲಿ ಆ ಆಧಾರ ಹೋಯಿತು. ಅವನ ಮಟ್ಟಿಗೆ ಯುದ್ಧ ಮುಗಿಯಿತು. ಅಸಹಾಯಕರ ಮೇಲೆ ಕೈಮಾಡುವುದು ಕೊಲ್ಲುವುದಕ್ಕಿಂತಲೂ ಬೇರೆ ಜಾತಿಯ ತಪ್ಪು ಎಂದು ಅಮೆರಿಕದ ತತ್ತ್ವಶಾಸ್ತ್ರಜ್ಞ ಹೆನ್ರಿ ಶೂ 1978ರಲ್ಲಿ ವಾದಿಸಿದ್ದು ಇದೇ ನೆಲೆಯಲ್ಲಿ. ಕುರುಕ್ಷೇತ್ರದಲ್ಲಿ ಯುದ್ಧಕ್ಕೆ ಮೊದಲು ಎರಡೂ ಪಕ್ಷದವರು ಮಾಡಿಕೊಂಡ ಒಪ್ಪಂದದಲ್ಲೂ ಇದಿದೆ: ಆಯುಧ ಕಳೆದುಕೊಂಡವನನ್ನು, ಬೆನ್ನು ತಿರುಗಿಸಿದವನನ್ನು, ಶರಣು ಬಂದವನನ್ನು ಹೊಡೆಯಬಾರದು. ಆ ನಿಯಮಗಳು ಮುರಿದವು, ನಿಜ. ಆದರೆ ಮುರಿದಾಗಲೆಲ್ಲ ಮುರಿಯಿತು ಎಂದೇ ಮಹಾಭಾರತ ಹೇಳುತ್ತದೆ. ಗೆದ್ದವರು ಮುರಿದರೆಂದು ಸುಮ್ಮನಾಗುವುದಿಲ್ಲ.

ಅದೇ ಮಹಾಭಾರತವನ್ನು ಹಿಡಿದು ಒಬ್ಬರು ನನಗೆ ತಿರುಗಿ ಕೇಳಬಹುದು: ಸೈಂಧವನ ಕಥೆ ಏನಾಯಿತು? ಕಾಡಿನಲ್ಲಿ ದ್ರೌಪದಿಯನ್ನು ಹೊತ್ತೊಯ್ದು ಸಿಕ್ಕಿಬಿದ್ದವನನ್ನು ಧರ್ಮರಾಯ ಬಿಟ್ಟು ಕಳಿಸಿದ. ಅವನೇ ಮುಂದೆ ಚಕ್ರವ್ಯೂಹದ ಬಾಗಿಲಲ್ಲಿ ನಿಂತು ಅಭಿಮನ್ಯುವಿನ ಸಾವಿಗೆ ಕಾರಣನಾದ. ಕರುಣೆಗೆ ಕೊಟ್ಟ ಬೆಲೆ ಅದಲ್ಲವೇ? ಕಥೆಯನ್ನು ಇನ್ನೊಮ್ಮೆ ಓದಬೇಕು. ಸೈಂಧವ ಬಿಡುಗಡೆಯಾಗಿ ಹೋದದ್ದು ಸುಮ್ಮನೆ ಅಲ್ಲ. ಭೀಮ ಅವನನ್ನು ತುಳಿದು, ತಲೆ ಬೋಳಿಸಿ ಐದು ಜುಟ್ಟು ಬಿಟ್ಟು, ದಾಸನೆಂದು ಹೇಳಿಸಿ ಅವಮಾನ ಮಾಡಿದ್ದ. ಆ ಅವಮಾನವನ್ನು ಹೊತ್ತೇ ಅವನು ಗಂಗಾದ್ವಾರಕ್ಕೆ ಹೋಗಿ ಶಿವನ ಕುರಿತು ತಪಸ್ಸಿಗೆ ಕೂತ. ಅರ್ಜುನನೊಬ್ಬನನ್ನು ಬಿಟ್ಟು ಉಳಿದ ಪಾಂಡವರನ್ನು ಒಂದು ದಿನ ತಡೆಯುವ ವರ ಪಡೆದ. ಅಭಿಮನ್ಯುವನ್ನು ಕೊಂದ ದ್ವೇಷದ ಬೇರು ಬಿಡುಗಡೆಯಲ್ಲಿರಲಿಲ್ಲ, ಆ ಐದು ಜುಟ್ಟಿನಲ್ಲಿತ್ತು. ಹಿಂಸೆಗೊಳಗಾದ ಒಬ್ಬನ ಹಿಂದೆ ಒಂದು ಊರು, ಒಂದು ಓಣಿ ಇರುತ್ತದೆ, ಅದು ನೆನಪಿಟ್ಟುಕೊಳ್ಳುತ್ತದೆ.

ಶತ್ರು ಪಾಲಿಸದ ನಿಯಮವನ್ನು ನಾವೇಕೆ ಪಾಲಿಸಬೇಕು ಎಂಬ ಕೋಪ ನಮಗೆ ಅಪರಿಚಿತವೇನಲ್ಲ. 1999ರಲ್ಲಿ ಕಾರ್ಗಿಲ್‌ನಲ್ಲಿ ಸೆರೆಯಾದ ಕ್ಯಾಪ್ಟನ್ ಸೌರಭ್ ಕಾಲಿಯಾ ಮತ್ತು ಐವರು ಸೈನಿಕರ ಶವಗಳು ಬಂದಾಗ ಅವುಗಳ ಮೇಲಿದ್ದ ಚಿತ್ರಹಿಂಸೆಯ ಗುರುತುಗಳನ್ನು ಭಾರತ ಜಗತ್ತಿನ ಮುಂದಿಟ್ಟಿತು. ಪಾಕಿಸ್ತಾನ ಆರೋಪ ನಿರಾಕರಿಸಿತು. ಆಗ ದೇಶವೆಲ್ಲ ಕುದಿಯಿತು. ಆ ಕುದಿತದ ಅರ್ಥವೇನು? ಸೆರೆಯಾಳಿಗೆ ಹಾಗೆ ಮಾಡಬಾರದು, ಯಾವ ಗುಟ್ಟು ಹೊರತೆಗೆಯಲಿಕ್ಕೂ ಮಾಡಬಾರದು ಎಂದು ನಮಗೆ ಒಳಗಿನಿಂದಲೇ ಗೊತ್ತಿತ್ತು. ‘ಅವರಿಗೂ ಮಾಹಿತಿ ಬೇಕಿತ್ತೇನೋ’ ಎಂದು ಯಾರೂ ಸಮಾಧಾನ ಹೇಳಲಿಲ್ಲ. ಆ ಅರಿವು ನಮ್ಮ ಹುಡುಗರ ಮಟ್ಟಿಗೆ ನಿಜವಾದರೆ ಎಲ್ಲರ ಮಟ್ಟಿಗೂ ನಿಜ. 1965ರ ಯುದ್ಧದಲ್ಲಿ ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನದ ಸೆರೆಯಾದರು. ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಅಧ್ಯಕ್ಷ ಅಯೂಬ್ ಖಾನ್ ಮಗನನ್ನು ಬಿಟ್ಟುಕೊಡುವುದಾಗಿ ಹೇಳಿ ಕಳಿಸಿದಾಗ ಆ ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವವರೆಲ್ಲರೂ ನನ್ನ ಮಕ್ಕಳೇ, ಬಿಟ್ಟರೆ ಎಲ್ಲರನ್ನೂ ಬಿಡಿ, ಒಬ್ಬನಿಗೆ ಬೇರೆ ಉಪಚಾರ ಬೇಡ ಎಂಬುದು ಅವರ ನಿಲುವಾಗಿತ್ತು. ಸೆರೆಯಾಳಿಗೆ ಸಲ್ಲಬೇಕಾದ್ದು ಅವನು ಯಾರ ಮಗ ಎಂಬುದರಿಂದ ತೀರ್ಮಾನವಾಗಬಾರದು ಎಂಬ ತತ್ತ್ವ ಅದರಲ್ಲಿದೆ. 1949ರ ಜಿನೀವಾ ಒಪ್ಪಂದಗಳ ನಾಲ್ಕಕ್ಕೂ ಸಮಾನವಾದ ಮೂರನೇ ವಿಧಿ ಇದನ್ನೇ ಕಾನೂನಾಗಿಸಿತು. ಎದುರಾಳಿ ಪಾಲಿಸಿದರೆ ಮಾತ್ರ ಎಂಬ ಷರತ್ತು ಅದಕ್ಕಿಲ್ಲ.

ಹಾಗೆಂದು ಇದು ಫ್ರಾನ್ಸ್, ಅಮೆರಿಕಗಳ ಪಾಪದ ಪಟ್ಟಿ ಓದಿ ಮುಗಿಸುವ ವಿಷಯವಲ್ಲ. ಯುದ್ಧಸ್ಥಿತಿಯೂ ಸೇರಿ ಯಾವ ತುರ್ತೂ ಚಿತ್ರಹಿಂಸೆಗೆ ಸಮರ್ಥನೆಯಾಗದು ಎನ್ನುವ ವಿಶ್ವಸಂಸ್ಥೆಯ 1984ರ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಇಂದಿಗೂ ಅನುಮೋದಿಸಿಲ್ಲ. 2010ರಲ್ಲಿ ಲೋಕಸಭೆ ಒಪ್ಪಿದ ಮಸೂದೆ ರಾಜ್ಯಸಭೆ ದಾಟಲಿಲ್ಲ. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಮತ್ತೆ ಶಿಫಾರಸು ಮಾಡಿತು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂಬ ನಿಯಮ 1872ರಿಂದ ನಮ್ಮಲ್ಲಿದೆ. ದೇಶದ ಭದ್ರತೆಯ ಹೆಸರಲ್ಲಿ ಟಾಡಾ, ಪೋಟಾ ಕಾಯ್ದೆಗಳು ಅದಕ್ಕೂ ವಿನಾಯಿತಿ ಕೊಟ್ಟವು. ಆ ವಿನಾಯಿತಿಯ ಕಾಲದಲ್ಲೇ ವೀರಪ್ಪನ್ ಬೇಟೆಯ ಹೆಸರಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಬಡವರ ಮೇಲೆ ನಡೆದ ಹಿಂಸೆಯ ದೂರುಗಳನ್ನು ರಾಜ್ಯ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ಪರಿಶೀಲಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಪರಿಹಾರ ಕೊಡಿಸಿತು. ಕಾಡುಗಳ್ಳನ ಜಾಡು ಹೇಳಿ ಎಂದು ಹಿಂಸೆ ತಿಂದವರಲ್ಲಿ ಆ ಜಾಡು ಗೊತ್ತಿಲ್ಲದವರೇ ಎಷ್ಟೋ ಮಂದಿ. ‘ಲಾಠಿ ರುಚಿ ತೋರಿಸಿದರು’ ಎಂದು ಸಲೀಸಾಗಿ ಬರೆಯುವ ನಾವು ಪತ್ರಿಕೆಯವರೂ ಈ ವಿಷಯದಲ್ಲಿ ಹೊರಗಿನವರಲ್ಲ.

ಇಷ್ಟಾದ ಮೇಲೂ, ನಾಳೆ ನಿಜವಾಗಿಯೇ ಬಾಂಬಿದ್ದರೆ ಎಂಬ ಭಯ ಉಳಿಯುತ್ತದೆ. ಅದನ್ನು ಅಳಿಸುವ ವಾದ ನನ್ನ ಬಳಿ ಇಲ್ಲ. ನಿಷೇಧಕ್ಕೆ ಒಂದು ದಿನ ಬೆಲೆ ತೆರಬೇಕಾಗಬಹುದು ಎಂಬುದನ್ನು ಒಪ್ಪಿಯೇ ನಾನು ಅದರ ಪರ ನಿಲ್ಲುತ್ತೇನೆ. ಚಿತ್ರಹಿಂಸೆಯ ಬೆಲೆಯನ್ನು ಕಣ್ಣಿಗೆ ಕಾಣದ ಜನ ಎಷ್ಟೋ ವರ್ಷಗಳಿಂದ ತೆರುತ್ತಲೇ ಇದ್ದಾರೆ. ಅಲ್ಜಿಯರ್ಸ್‌ನಲ್ಲಿ ಆ ಜನರನ್ನು ಎಣಿಸಿದ್ದು ಟೆಟ್ಜೆನ್. ಸೈನಿಕರು ಹಿಡಿದು ತಂದವರಿಗೆಲ್ಲ ಸ್ಥಳಬಂಧನದ ಆದೇಶ ಬೇಕಿತ್ತು, ಒಂದೊಂದಕ್ಕೂ ಅವರ ಕಚೇರಿಯ ಸಹಿ ಬೇಕಿತ್ತು. 1957ರ ಮಾರ್ಚಿನಲ್ಲಿ ಅವರು ರಾಜೀನಾಮೆ ಬರೆದರು: ಹದಿನಾಲ್ಕು ವರ್ಷಗಳ ಹಿಂದೆ ಗೆಸ್ಟಾಪೊ ನೆಲಮಾಳಿಗೆಯಲ್ಲಿ ತಾವೇ ಅನುಭವಿಸಿದ ಹಿಂಸೆಯ ಗುರುತುಗಳನ್ನು ಈ ಬಂಧಿತರ ಮೈಮೇಲೆ ಕಂಡೆ ಎಂದು. ಮೇಲಿನವರು ಸ್ವೀಕರಿಸಲಿಲ್ಲ. ಸೆಪ್ಟೆಂಬರಿನಲ್ಲಿ ಹುದ್ದೆ ಬಿಡುವ ಹೊತ್ತಿಗೆ, ಸಹಿಯಾದ ಆದೇಶಗಳನ್ನೂ ಉಳಿದ ಜನರನ್ನೂ ತಾಳೆ ಹಾಕಿ ನೋಡಿದರು. ಅವರ ಲೆಕ್ಕದಲ್ಲಿ 3,024 ಮಂದಿ ಸಿಗಲಿಲ್ಲ.

ಆ ಕಾಣೆಯಾದವರಲ್ಲಿ ಒಬ್ಬರು ಮೋರಿಸ್ ಒದಾಂ, ಇಪ್ಪತ್ತೈದು ವರ್ಷದ ಗಣಿತದ ಅಧ್ಯಾಪಕ. 1957ರ ಜೂನಿನಲ್ಲಿ ಸೈನಿಕರು ಅವರನ್ನು ಮನೆಯಿಂದ ಕರೆದೊಯ್ದರು. ಸಾಗಿಸುವಾಗ ತಪ್ಪಿಸಿಕೊಂಡು ಓಡಿಹೋದ ಎಂದು ಸೈನ್ಯ ಹೇಳಿತು, ಸರ್ಕಾರ ದಶಕಗಟ್ಟಲೆ ಅದನ್ನೇ ಹೇಳಿತು. 2018ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಅಧ್ಯಕ್ಷ ಎಮಾನ್ಯುಯೆಲ್ ಮ್ಯಾಕ್ರೊನ್ ಒದಾಂ ಅವರ ಪತ್ನಿ, 87 ವರ್ಷದ ಜೊಸೆಟ್ ಅವರ ಮನೆಗೆ ಹೋಗಿ, ನಿಮ್ಮ ಗಂಡ ಸತ್ತದ್ದು ರಾಜ್ಯವೇ ನಡೆಸಿದ ಚಿತ್ರಹಿಂಸೆಯ ವ್ಯವಸ್ಥೆಯಲ್ಲಿ ಎಂದು ಒಪ್ಪಿಕೊಂಡು ಕ್ಷಮೆ ಕೇಳಿದರು. ಐದು ತಿಂಗಳಲ್ಲಿ ಆಕೆ ತೀರಿಕೊಂಡರು. ಸಾವಿರಾರು ಜನರ ಬಾಯಿ ಬಿಡಿಸಿದ ಆ ರಾಜ್ಯ ತಾನು ಬಾಯಿ ಬಿಡಲು 61 ವರ್ಷ ತೆಗೆದುಕೊಂಡಿತು.